ಪೆಟ್ಟಿಗೆಯಲ್ಲಿ ಇಲ್ಲದ ಶಿಲುಬೆ

"ಟೋಪಿ ತೆಗೀರಿ ಸಾಹೇಬ್ರೆ," ಎಂದ ಮುದುಕ ಟಿಕೋಸ್. "ಈ ಪೆಟ್ಟಿಗೆ ಮುಂದೆ ಬಿಷಪ್ಪರೂ ತೆಗೀತಾರೆ."

ಇನ್ಸ್‌ಪೆಕ್ಟರ್ ಗುಲ್ವೆನ್ ಕೆರ್ಬ್ರಾ ತೆಗೆದ. ಮುದುಕನ ಟೋಪಿ ಆಗಲೇ ಅವನ ಕಂಕುಳು ಸೇರಿತ್ತು. ಎಂಬತ್ತು ದಾಟಿದ ಆಸಾಮಿ. ವೆಸ್ಸಾಂ ದ್ವೀಪದ ಇಗರ್ಜಿಯ ಗಂಟೆ, ಬೀಗದ ಕೈ, ಮೇಣದಬತ್ತಿ ಎಲ್ಲಕ್ಕೂ ಅವನೇ ಯಜಮಾನ.

"ಇದೇನು ಇಗರ್ಜಿ ನಿಯಮಾನಾ?"

"ನಿಯಮ ಗಿಯಮ ಏನಿಲ್ಲ. ಮುಳುಗಿದೋರ ವಿಷಯ ಎತ್ತುವಾಗ ತಲೆ ಮೇಲೆ ಏನೂ ಇರಬಾರ್ದು. ಇಲ್ಲಿ ಮನೆಮನೆಗೆ ಸಾವಿನ ಸುದ್ದಿ ಹೊತ್ತೋನು ನಾನು. ಒಂದ್ಸಲಾನೂ ತಪ್ಪಿಲ್ಲ."

ಮರದ ಪೆಟ್ಟಿಗೆಯ ಮುಚ್ಚಳ ನರಳುತ್ತ ತೆರೆದುಕೊಂಡಿತು. ಒಳಗೆ ಸಾಲಾಗಿ ಕಾಗದದ ಪೊಟ್ಟಣಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ಒಂದೊಂದರಲ್ಲೂ ಬೆರಳುದ್ದದ ಮೇಣದ ಶಿಲುಬೆ.

ಸಮುದ್ರ ಹೆಣವನ್ನು ಹಿಂದಕ್ಕೆ ಕೊಡದಿದ್ದರೆ ಈ ದ್ವೀಪದವರು ಅದಕ್ಕಾಗಿ ಕಾಯುತ್ತ ಕೂರುವುದಿಲ್ಲ. ಮೇಣದಲ್ಲಿ ಶಿಲುಬೆ ಮಾಡಿ, ಬಿಳಿಬಟ್ಟೆಯ ಮೇಲಿಟ್ಟು, ಹೆಣವನ್ನೇ ಕಾಯುವ ಹಾಗೆ ರಾತ್ರಿಯೆಲ್ಲ ಕಾದು, ಮರುದಿನ ಪ್ರಾರ್ಥನೆ ಮುಗಿಸಿ ಈ ಪೆಟ್ಟಿಗೆಗೆ ಸೇರಿಸುತ್ತಾರೆ. ಇದಕ್ಕೆ ಅವರು ಪ್ರೊಎಲ್ಲಾ ಎನ್ನುತ್ತಾರೆ. ಕೆರ್ಬ್ರಾನಿಗೆ ಇದೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ತಾಯಿ ಪಕ್ಕದ ದ್ವೀಪದವಳು.

ಮಂಗಳವಾರ, ಕೆರ್ಬ್ರಾ ಕೆಲಸ ಮಾಡುವ ಎದುರು ದಡದ ಊರು ಬ್ರೆಸ್ಟಿನ ಹಡಗುಕಟ್ಟೆಯ ನೀರಿನಲ್ಲಿ ನಿವೃತ್ತ ಕಪ್ತಾನ ವೊಕ್ಲೆರ್ ಹೆಣವಾಗಿ ತೇಲಿದ್ದ: ತಲೆಯ ಹಿಂದೆ ಏಟು, ಜೇಬಿನಲ್ಲಿ ವೆಸ್ಸಾಂಗೆ ಹೋಗಿಬಂದ ದೋಣಿಯ ಚೀಟಿ, ಮುಷ್ಟಿಯಲ್ಲಿ ಇ.ಮಾ. ಎಂದು ಗೀಚಿದ ಹಿತ್ತಾಳೆ ಚಾವಿ.

ಇ.ಮಾ. ಅಂದರೆ ಇಸಿದೋರ್ ಮಾಲ್ಗೊರ್ನ್. ವೊಕ್ಲೆರನ ಹಡಗಿನಲ್ಲಿ, ನೀರಿನಾಳದಲ್ಲಿ ಸಿಡಿದು ಜಲಾಂತರ್ಗಾಮಿಗಳನ್ನು ಒಡೆಯುವ ಆಳಬಾಂಬುಗಳ ಹೊಣೆ ಹೊತ್ತಿದ್ದವನು. ಏಳು ವರ್ಷದ ಹಿಂದೆ ಹಡಗಿನ ಜೊತೆ ಮುಳುಗಿದವನು.

ಪೊಲೀಸ್ ಲೆಕ್ಕಾಚಾರದಲ್ಲಿ ಕೆರ್ಬ್ರಾ ನೇರವಾಗಿ ಮಾಲ್ಗೊರ್ನನ ವಿಧವೆಯ ಮನೆಗೆ ಹೋಗಬೇಕಿತ್ತು. ಆದರೆ ದೋಣಿ ಇಳಿದ ಮೇಲೆ ಕಾಲು ಅತ್ತ ಹೋಗಲಿಲ್ಲ. ಅವಳ ಮುಖ ನೋಡುವ ಮೊದಲು ಸತ್ತವನ ಮುಂದೆ ಒಂದು ಗಳಿಗೆ ನಿಲ್ಲಬೇಕೆನಿಸಿತು. ಏಕೆನ್ನುವುದು ಅವನಿಗೂ ದೇವರಿಗೂ ಗೊತ್ತಿತ್ತು.

"ಮಾಲ್ಗೊರ್ನ್ ಇಸಿದೋರ್," ಎಂದ.

ಟಿಕೋಸನ ಬೆರಳು ಪೊಟ್ಟಣಗಳ ಮೇಲೆ ತಡವರಿಸಿತು. "ಎಲ್ಲೋ ಕೆಳಗಿರ್ಬೇಕು. ಇನ್ನೊಂದು ದಿನ ಹುಡುಕೋಣ ಬಿಡಿ. ಗಾಳಿ ಬೇರೆ ಏಳ್ತಾ ಇದೆ."

"ಇಲ್ಲೇ ಇದೆಯಲ್ಲ." ಕೆರ್ಬ್ರಾ ತಾನೇ ಎತ್ತಿಕೊಂಡ. ಪೊಟ್ಟಣ ಹಗುರವಾಗಿತ್ತು. ಬಿಚ್ಚಿದ. ಒಳಗೆ ಏನೂ ಇರಲಿಲ್ಲ.

"ಇಲಿ," ಎಂದ ಟಿಕೋಸ್ ತಕ್ಷಣ. "ಮೇಣ ಅಂದ್ರೆ ಪ್ರಾಣ ಬಿಡ್ತಾವೆ, ದರಿದ್ರದವು."

ಕೆರ್ಬ್ರಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಲ್ಲಿನ ಗುರುತು ಒಂದೂ ಇಲ್ಲ. ನಾಲ್ಕು ಮಡಿಕೆ, ನಾಲ್ಕೂ ಅಚ್ಚುಕಟ್ಟು. ಯಾರೋ ಶಿಲುಬೆಯನ್ನು ತೆಗೆದುಕೊಂಡು, ಕಾಗದವನ್ನು ಇದ್ದ ಹಾಗೇ ಮಡಿಸಿ, ಇದ್ದ ಜಾಗದಲ್ಲೇ ಇಟ್ಟಿದ್ದರು.

"ಜ್ಞಾನಸ್ನಾನದಲ್ಲಿ ಇಸಿದೋರನಿಗೆ ಧರ್ಮಪಿತ ಆಗಿ ನಿಂತೋರು ಯಾರು?" ಎಂದು ಕೇಳಿದ.

ಮುದುಕ ಉತ್ತರಿಸುವ ಮುಂಚೆ ಮುಚ್ಚಳ ಹಾಕಿದ, ಬೀಗ ತಿರುಗಿಸಿದ, ಟೋಪಿ ಹಾಕಿಕೊಂಡ. "ನಾನೇ. ಏನೀಗ?"

ಕೆರ್ಬ್ರಾನೂ ಟೋಪಿ ಹಾಕಿಕೊಂಡ. ಹೊರಗೆ ಬಂದಾಗ ಮುದುಕ ಬಂದರಿನ ಕಡೆ, ಆ ವಯಸ್ಸಿಗೆ ಸಲ್ಲದ ವೇಗದಲ್ಲಿ, ಹೆಜ್ಜೆ ಹಾಕುತ್ತಿದ್ದುದನ್ನು ನೋಡಿದ.

*

ದಾರಿಯುದ್ದಕ್ಕೂ ಕೋಟಿನ ಒಳಜೇಬಿನ ಕಾಗದ ಅವನ ಎದೆಗೆ ಒತ್ತುತ್ತಿತ್ತು. ಒಂದೇ ಹಾಳೆ. ಏಳು ವರ್ಷದಿಂದ ಕೋಟು ಬದಲಾದರೂ ಹಾಳೆ ಬದಲಾಗಿಲ್ಲ.

ಪೆರ್ವಾಂಶ್ ಎಂದರೆ ಒಂದು ಪುಟ್ಟ ನೀಲಿ ಹೂವು. ಆ ಹೆಸರಿನ, ವೊಕ್ಲೆರನ ಬೆಂಗಾವಲು ಹಡಗೂ ಪುಟ್ಟದೇ. ಸರಕಿನ ಹಡಗುಗಳ ಹಿಂದೆ ಮುಂದೆ ಓಡಾಡುತ್ತ, ಜಲಾಂತರ್ಗಾಮಿಗಳನ್ನು ಮೂಸುತ್ತ ಅಟ್ಲಾಂಟಿಕ್ ದಾಟಿಸುವುದು ಅದರ ಕೆಲಸ. ೧೯೪೩ರ ಮಾರ್ಚ್‌ನಲ್ಲಿ ಅದಕ್ಕೇ ಏಟು ಬಿತ್ತು. ಎಂಟೇ ನಿಮಿಷ. ಜನ ನೀರಿಗೆ ಹಾರಿದರು, ಈಜಿದರು, ಬದುಕಿದೆವೆಂದುಕೊಂಡರು.

ಹಡಗಿನ ಹಿಂಭಾಗದಲ್ಲಿ ಆಳಬಾಂಬಿನ ಪೀಪಾಯಿಗಳಿದ್ದವು. ಹಡಗು ಮುಳುಗುವುದು ಖಚಿತವಾದರೆ ಅವುಗಳ ಬಾಯಿಗೆ ಚಾವಿ ಹಾಕಿ ಒಂದೊಂದನ್ನೂ ಭದ್ರ ಮಾಡಬೇಕು. ಮಾಡಿದರೆ ಕಲ್ಲಿನಂತೆ ತಳ ಸೇರುತ್ತವೆ. ಮಾಡದಿದ್ದರೆ ಹಡಗಿನ ಜೊತೆ ಇಳಿದು, ಗೊತ್ತುಮಾಡಿದ ಆಳ ಮುಟ್ಟಿದ ಕೂಡಲೇ ಸಿಡಿಯುತ್ತವೆ, ಮೇಲೆ ಈಜುತ್ತಿರುವವರು ತಮ್ಮವರೇ ಆದರೂ. ಅಂದು ಸಿಡಿದವು. ನೀರಿನಲ್ಲಿ ಇಪ್ಪತ್ತಮೂರು ಜನ ಸತ್ತರು.

ಚಾವಿ ಇದ್ದದ್ದು ಒಂದೇ. ಅದು ಮಾಲ್ಗೊರ್ನನ ಕೊರಳಲ್ಲಿರುತ್ತಿತ್ತು. ಮಲಗುವಾಗಲೂ ಬಿಚ್ಚಕೂಡದು, ಯಾರ ಕೈಗೂ ಕೊಡಕೂಡದು.

ಸ್ಕಾಟ್ಲೆಂಡಿನ ಬಂದರಿನಲ್ಲಿ ವಿಚಾರಣೆ ನಡೆಯಿತು. ಬರೆದುಕೊಳ್ಳಲು ಕೂತಿದ್ದವನು ಆಗ ನೌಕಾಪಡೆಯ ಗುಮಾಸ್ತನಾಗಿದ್ದ ಕೆರ್ಬ್ರಾ. ಹಿಂಭಾಗದಲ್ಲಿ ಮಾಲ್ಗೊರ್ನನ ಕೈಕೆಳಗೆ ಕೆಲಸ ಮಾಡುತ್ತಿದ್ದ ಗಾಸ್ಪಾರ್ ಮಿಲಿನೆ ಎಡಗಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಹೇಳಿದ: ಎರಡು ದಿನ ಮೊದಲೇ ಜಗಳವಾಗಿ ಕಪ್ತಾನರು ಮಾಲ್ಗೊರ್ನನ ಕೊರಳಿನ ಚಾವಿಯನ್ನು ಕಿತ್ತುಕೊಂಡಿದ್ದರು. ಕೆರ್ಬ್ರಾ ಬರೆದುಕೊಂಡ, ಸಹಿ ಹಾಕಿಸಿಕೊಂಡ. ಆಮೇಲೆ ಯೋಚಿಸಿದ. ಕಪ್ತಾನನಿಗೆ ಮುಂದಿನ ವಾರವೇ ಇನ್ನೊಂದು ಹಡಗು ಕಾದಿತ್ತು. ಕಪ್ತಾನರು ಕಡಿಮೆಯಿದ್ದರು, ಸತ್ತವರು ಬೇಕಾದಷ್ಟಿದ್ದರು. ಸತ್ತವನು ಬಂದು ದೂರು ಹೇಳುವುದಿಲ್ಲವಲ್ಲ.

ಹಾಳೆ ಜೇಬಿಗೆ ಹೋಯಿತು. ವರದಿಯಲ್ಲಿ ತಪ್ಪಿತಸ್ಥನೆಂದು ಮಾಲ್ಗೊರ್ನನ ಹೆಸರು ಉಳಿಯಿತು. ಯಾರೂ ಕೆರ್ಬ್ರಾನ ಕೈ ಹಿಡಿದು ಬರೆಸಲಿಲ್ಲ. ಅದನ್ನು ನೆನೆದರೆ ಇಂದಿಗೂ ಅವನಿಗೆ ಊಟ ರುಚಿಸುವುದಿಲ್ಲ.

ಈಗ ಮಿಲಿನೆ ಬ್ರೆಸ್ಟಿನಲ್ಲಿ ವೈನ್ ಅಂಗಡಿ ಇಟ್ಟಿದ್ದಾನೆ. ಎಡಗಾಲು ಇನ್ನೂ ಎಳೆಯುತ್ತಾನೆ. ವಾರಕ್ಕೊಮ್ಮೆ ಕೆರ್ಬ್ರಾ ಅಲ್ಲಿ ಕೂರುತ್ತಾನೆ. ಒಂದೇ ತಪ್ಪನ್ನು ಬಲ್ಲ ಇಬ್ಬರಿಗೆ ಮಾತು ಬೇಕಾಗುವುದಿಲ್ಲ. ನಿನ್ನೆ ಮಾತ್ರ ಮಿಲಿನೆ ಹೆಚ್ಚು ಮಾತಾಡಿದ್ದ. "ದ್ವೀಪಕ್ಕೆ ಹೋಗು ಗುಲ್ವೆನ್. ಆ ಹೆಂಗಸಿನ ಕಡೆಯೋರಿಗೆ ಕಪ್ತಾನನ ಮೇಲೆ ಹಗೆ ಇರ್ದೆ ಇರುತ್ತಾ? ಅಂದ ಹಾಗೆ ಆ ಹಾಳೆ ಇನ್ನೂ ನಿನ್ನ ಹತ್ರಾನೇ ಇದೆಯಾ? ಜೊತೆಗೇ ಒಯ್ತೀಯಾ?"

*

ಸೆರಾಫೀನ್ ಮಾಲ್ಗೊರ್ನ್ ಆಲೂಗಡ್ಡೆ ಅಗೆದ ಕೈಯಲ್ಲೇ ಬಾಗಿಲು ತೆರೆದಳು. ದ್ವೀಪದ ಹೆಂಗಸರಂತೆ ಭುಜಕ್ಕೆ ಕತ್ತರಿಸಿದ ಕೂದಲು, ಕಪ್ಪು ಉಡುಪು.

"ಪೊಲೀಸಾ? ಬನ್ನಿ. ಕಾಲು ಒರೆಸ್ಕೊಳ್ಳಿ."

ಒಡೆದ ಹಡಗುಗಳ ಹಲಗೆಯಲ್ಲಿ ಮಾಡಿ ನೀಲಿ ಬಣ್ಣ ಬಳಿದ ಮನೆ. ಒಲೆಯಲ್ಲಿ ಕೆಂಡವಾಗಿದ್ದ ಹುಲ್ಲುಹೆಂಟೆಯ ಕೆಳಗೆ ಕುರಿಮಾಂಸ ಬೇಯುತ್ತಿತ್ತು. ಗೋಡೆಗೆ ಒತ್ತಿಕೊಂಡು ಬೀರುವಿನ ಹಾಗೆ ಮುಚ್ಚುವ ಹಳೆಯ ಕಾಲದ ಬಾಗಿಲಿನ ಮಂಚ, ಜಾರುಬಾಗಿಲು ಮುಚ್ಚಿತ್ತು. ಅದರ ಮುಂದಿನ ಬೆಂಚಿನ ಮೇಲೆ ಕೆರ್ಬ್ರಾ ಕೂತ. ಅವಳು ಬಟ್ಟಲಿಗೆ ಕಾಫಿ ಬಗ್ಗಿಸಿದಳು.

"ಕಪ್ತಾನ ವೊಕ್ಲೆರ್ ಇಲ್ಲಿಗೆ ಬಂದಿದ್ರಾ?"

"ಹೋದ ಗುರುವಾರ. ನೀವು ಕೂತಿರೋ ಕಡೇನೇ ಕೂತು ಅತ್ತ. ಗಂಡಸರು ಅತ್ರೆ ನಂಗೆ ಕನಿಕರ ಬರಲ್ಲ, ಸಿಟ್ಟು ಬರುತ್ತೆ. ನಾವು ಅತ್ತಾಗ ಎಲ್ಲಿದ್ರಂತೆ?"

"ಏನಂದ್ರು?"

"ಚಾವಿ ಎಲ್ಲಿದೆ ಅಂತ ಕೊನೆಗೂ ಗೊತ್ತಾಯ್ತು, ಭಾನುವಾರ ತಂದು ನಿನ್ನ ಕೈಗೆ ಕೊಡ್ತೀನಿ ಅಂದ. ಭಾನುವಾರ ಬರ್ಲಿಲ್ಲ. ಮಂಗಳವಾರ ಸತ್ತ ಅಂತ ರೇಡಿಯೋದಲ್ಲಿ ಬಂತು."

ಗೊತ್ತಾಯ್ತಂತೆ! ಏಳು ವರ್ಷ ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದವನು. 'ನಾನೇ ಕಿತ್ತುಕೊಂಡೆ' ಎನ್ನಲು ನಾಲಿಗೆ ಹೊರಳದಿದ್ದಾಗ ಮನುಷ್ಯ ಹೀಗೇ ಮಾತಾಡುತ್ತಾನೆಂದು ಕೆರ್ಬ್ರಾ ಅಂದುಕೊಂಡ. ಆ ಭಾಷೆ ಅವನಿಗೂ ಚೆನ್ನಾಗಿ ಬರುತ್ತಿತ್ತು.

"ಇಗರ್ಜಿ ಪೆಟ್ಟಿಗೇಲಿ ನಿಮ್ಮ ಗಂಡನ ಶಿಲುಬೆ ಇಲ್ಲ," ಎಂದ.

"ಇಲಿ ತಿಂದಿರ್ಬೇಕು."

"ಟಿಕೋಸನೂ ಅದನ್ನೇ ಅಂದ. ತಿಂದ ಮೇಲೆ ಕಾಗದ ಮಡಿಸಿಟ್ಟು ಹೋಗೋ ಇಲೀನ ನಾನಂತೂ ಕಂಡಿಲ್ಲ."

"ದ್ವೀಪದ ಇಲಿ ಸಾಹೇಬ್ರೆ. ಮರ್ಯಾದಸ್ಥ ಜಾತಿ."

ಅವನಿಗೆ ನಗು ಬಂದದ್ದು ನಿಜ. ಆದರೂ ಬಿಡಲಿಲ್ಲ. "ನನ್ನ ತಾಯಿ ಮೊಲೇನ್ ದ್ವೀಪದೋಳು. ಅವಳು ಹೇಳ್ತಿದ್ಲು, ಬದುಕಿರೋನ ಶಿಲುಬೆ ಪೆಟ್ಟಿಗೇಲಿ ಉಳಿದ್ರೆ ಸಮುದ್ರ ಅವನನ್ನ ಹುಡುಕ್ಕೊಂಡು ಬರುತ್ತೆ ಅಂತ. ಬ್ರೆಸ್ಟಿನ ಪೊಲೀಸರು ಯಾರೇ ಬಂದಿದ್ರೂ ಖಾಲಿ ಪೊಟ್ಟಣ ನೋಡಿ ಕಳ್ಳತನ ಅಂತಿದ್ರು. ನೀವು ಅವನನ್ನ ಎಲ್ಲರ ಕಣ್ಣಿಂದ್ಲೂ ಬಚ್ಚಿಟ್ರಿ. ಇದೊಂದನ್ನ ಮಾತ್ರ ಹಾಗೇ ಬಿಡೋಕೆ ನಿಮ್ಮ ಎದೆ ಒಪ್ಪಲಿಲ್ಲ. ಇಸಿದೋರ್ ಯಾವಾಗ ಬಂದ?"

ಸೆರಾಫೀನ್ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

"ಯುದ್ಧದಲ್ಲಿ ಸುದ್ದಿ ಬರೋಕೇ ಎರಡು ವರ್ಷ ಆಯ್ತು, ನಲವತ್ತೈದರ ಫೆಬ್ರವರೀಲಿ ಶಿಲುಬೆ ಇಟ್ವಿ. ಜುಲೈನಲ್ಲಿ ಬಂದ. ಸ್ಪೇನಿನ ಮೀನು ದೋಣಿಯೋರು ಎತ್ಕೊಂಡಿದ್ರಂತೆ, ಆಮೇಲೆ ಅಲ್ಲಿನ ಜೈಲು. ಮೂಳೆ ಚಕ್ಕಳ ಆಗಿದ್ದ. ಅವನು ಉಣ್ಣೋಕೆ ಕೂರೋ ಮುಂಚೇನೇ ಮೇಜಿನ ಮೇಲಿದ್ದ ವರದಿ ಓದ್ಬಿಟ್ಟ. ಅವತ್ತಿಂದ 'ನಾನು ಸತ್ತಿದೀನಿ, ಹಾಗೇ ಇರ್ಲಿ ಬಿಡು' ಅಂತಾನೆ. ಇಪ್ಪತ್ತಮೂರು ಹೆಸರೂ ಬಾಯಿಪಾಠ, ದಿನಾ ಹೇಳ್ತಾನೆ."

"ಆ ವರದಿ..."

"ಮೂರು ಸಾಲು. 'ಮಾಲ್ಗೊರ್ನನ ಅಲಕ್ಷ್ಯದಿಂದ' ಅಂತ. ಬರೆದೋನು ಯಾವನೋ ಪುಣ್ಯಾತ್ಮ, ಅಕ್ಷರ ಮಾತ್ರ ಮುತ್ತಿನ ಹಾಗಿತ್ತು."

"ನಾನು," ಎಂದ ಕೆರ್ಬ್ರಾ.

"ಏನು ನಾನು?"

"ಬರೆದೋನು ನಾನೇ."

ಅವಳು ಕೂಗಾಡುತ್ತಾಳೆ, ಸೌದೆ ಎತ್ತಿಕೊಳ್ಳುತ್ತಾಳೆ ಅಂದುಕೊಂಡಿದ್ದ. ಹಾಗಾಗಿದ್ದರೆ ಹಗುರವಾಗುತ್ತಿತ್ತು. ಸೆರಾಫೀನ್ ಅವನ ಮುಂದಿದ್ದ ಕಾಫಿ ಬಟ್ಟಲನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ಚೆಲ್ಲಿ, ತೊಳೆದು, ಗೂಡಿನಲ್ಲಿ ಬೋರಲಾಗಿ ಇಟ್ಟಳು.

"ಗೊತ್ತಿದ್ದೇ ಬರೆದ್ರಾ?"

"ಗೊತ್ತಿದ್ದೇ ಬರೆದೆ. ಕಪ್ತಾನ ಚಾವಿ ಕಿತ್ಕೊಂಡಿದ್ದ ಅನ್ನೋದಕ್ಕೆ ಸಾಕ್ಷಿ ಹೇಳಿಕೆ ಇತ್ತು. ಅದನ್ನ ತೆಗೆದಿಟ್ಟೆ. ಏಳು ವರ್ಷದಿಂದ ಹೊತ್ಕೊಂಡು ತಿರುಗ್ತಿದೀನಿ." ಜೇಬು ಮುಟ್ಟಿಕೊಂಡ. "ಇವತ್ತು ಕೊಡೋಣ ಅಂತಾನೇ ತಂದೆ."

"ಮತ್ತೆ ಕೊಡಿ!"

"ಕೊಟ್ರೆ ನಿಮ್ಮ ಗಂಡನ ಹೆಸರಿನ ಮಸಿ ಹೋಗುತ್ತೆ. ಆದ್ರೆ ಅವನು ಬದುಕಿದಾನೆ ಅಂತ ನಂಗೆ ಗೊತ್ತಿರ್ಲಿಲ್ಲ. ಕಪ್ತಾನನಿಂದ ಅಷ್ಟು ಅನ್ಯಾಯ ಆದೋನು ಬದುಕಿದಾನೆ, ಕಪ್ತಾನ ಇವನ ಚಾವಿ ಹಿಡ್ಕೊಂಡು ಸತ್ತಿದಾನೆ. ಕೋರ್ಟಿನೋರು ಇನ್ನೇನು ಕೇಳ್ತಾರೆ ಹೇಳಿ? ಇದೇ ಕಾಗದ ಅವನ ಕುತ್ತಿಗೆಗೆ ಬರುತ್ತೆ."

"ಅವನು ಈ ಐದು ವರ್ಷ ದ್ವೀಪ ಬಿಟ್ಟು ಕದಲಿಲ್ಲ!"

"ಅದಕ್ಕೆ ಸಾಕ್ಷಿ ಯಾರು? ನೀವು, ಟಿಕೋಸ್. ಹೆಂಡ್ತಿ, ಧರ್ಮಪಿತ."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕಿಟಕಿಯ ಗಾಜಿನ ಮೇಲೆ ಮೂರು ಬಾರಿ, ಬಿಟ್ಟುಬಿಟ್ಟು, ಸಣ್ಣಗೆ ಬಡಿದ ಸದ್ದಾಯಿತು.

*

ಸೂರ್ಯ ಆಗಷ್ಟೇ ಮುಳುಗಿದ್ದ. ಕಿಟಕಿಯಾಚೆ ಟಿಕೋಸ್ ನಿಂತಿದ್ದ. ಒಳಗೆ ಬರಲಿಲ್ಲ. ಸಾವಿನ ಸುದ್ದಿ ತಂದವನು ಮೂರು ಸಲ ಬಡಿದು, ಹೊರಗೇ ನಿಂತು ಹೇಳಬೇಕು.

"ಸೆರಾಫೀನ್, ಇವತ್ತು ರಾತ್ರಿ ನಿನ್ನ ಮನೇಲಿ ಪ್ರೊಎಲ್ಲಾ, ಮಗಳೇ."

"ಏನಂದ್ರಿ ಮಾವ?"

"ಪೊಲೀಸ್ ಬಂದಿದಾರೆ ಅಂತ ಕೇಳಿ ನನ್ನ ದೋಣಿ ತಗೊಂಡು ಹೊರಟ. ಸೆಳವು ಜೋರಿತ್ತು. ದೋಣಿ ಒಂದೇ ವಾಪಸ್ ಬಂತು."

ಕೆರ್ಬ್ರಾ ಬೆಂಚಿನಿಂದ ಎದ್ದ. ಒಂದು ಸಲ ಲೇಖನಿಯಿಂದ, ಈಗ ಬರೀ ಬಂದು ನಿಂತದ್ದರಿಂದ. ಒಬ್ಬನೇ ಮನುಷ್ಯನನ್ನು ಎಷ್ಟು ಸಲ ಸಾಯಿಸುವುದು?

ಸೆರಾಫೀನ್ ಅಳಲಿಲ್ಲ. ಮೇಜಿನ ಮೇಲೆ ಬಿಳಿಬಟ್ಟೆ ಹಾಸಿದಳು. ಸಂದೂಕದ ತಳದಿಂದ ಹಳದಿಗೆ ತಿರುಗಿದ ಮೇಣದ ಶಿಲುಬೆ ತೆಗೆದಳು. ಬಟ್ಟೆಯವರೆಗೂ ಒಯ್ದು ಹಿಂದಕ್ಕೆ ತೆಗೆದುಕೊಂಡಳು. ಎರಡು ಸಲ ಪ್ರಯತ್ನಿಸಿದಳು. ಆಮೇಲೆ ತಿರುಗಿ ಅವನ ಅಂಗೈಗೆ ತುರುಕಿದಳು.

"ನೀವೇ ಇಡಿ. ಹೋದ ಸಲ ಸಾಯ್ಸಿದ್ದೂ ನೀವೇ ಅಲ್ವಾ."

ಶಿಲುಬೆ ಅವನ ಕೈಯಲ್ಲಿತ್ತು. ಅವಳ ಮುಖ ನೋಡಲು ನಾಚಿಕೆಯಾಗಿ ಕಿಟಕಿಯತ್ತ ನೋಡಿದ. ಮುದುಕ ಇನ್ನೂ ಅಲ್ಲೇ ಇದ್ದ.

ಅವನ ತಲೆಯ ಮೇಲೆ ಟೋಪಿ ಇತ್ತು.

ಸುಳ್ಳು ಹೇಳಲು ಬಂದಿದ್ದ ಮುದುಕ, ಮಾತು, ಮೂರು ಬಡಿತ, ಎಲ್ಲ ಸರಿಯಾಗಿ ಜೋಡಿಸಿಕೊಂಡು ಬಂದಿದ್ದ. ಆದರೆ ಬದುಕಿರುವ ಧರ್ಮಪುತ್ರನಿಗಾಗಿ ತಲೆ ಬರಿದು ಮಾಡಲು ಅವನಿಂದ ಆಗಿರಲಿಲ್ಲ. ಮಾಡಿಲ್ಲವೆಂಬುದೂ ಅವನಿಗೆ ಗೊತ್ತಿರಲಿಕ್ಕಿಲ್ಲ.

ಇಸಿದೋರ್ ಮಾಲ್ಗೊರ್ನ್ ಸತ್ತಿರಲಿಲ್ಲ.

ನಾಚಿಕೆಗೇಡಿನ ಸಂಗತಿ ಏನೆಂದರೆ, ಆ ಸುಳ್ಳು ಕೆರ್ಬ್ರಾನಿಗೆ ಬಹಳ ಚೆನ್ನಾಗಿ ಒಪ್ಪುತ್ತಿತ್ತು. ಶಿಲುಬೆಯನ್ನು ಬಟ್ಟೆಯ ಮೇಲಿಟ್ಟರೆ ಮುಗಿಯಿತು. ಮಾಲ್ಗೊರ್ನ್ ಹಿಂದೆಯೇ ಸತ್ತವನು, ಯಾರೂ ಅವನನ್ನು ಹುಡುಕುವುದಿಲ್ಲ. ಕಡತ ಮುಚ್ಚುತ್ತದೆ. ಜೇಬಿನ ಹಾಳೆಯನ್ನು ದಾರಿಯಲ್ಲಿ ಸಮುದ್ರಕ್ಕೆ ಎಸೆಯಬಹುದು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಎಲ್ಲರಿಗೂ ಒಳ್ಳೆಯದು, ಇಪ್ಪತ್ತಮೂರು ಜನರ ಸಾವನ್ನು ತಲೆಯ ಮೇಲೆ ಹೊತ್ತು ಈ ಮನೆಯಲ್ಲಿ ಕೊಳೆಯುತ್ತಿರುವ ಒಬ್ಬನನ್ನು ಬಿಟ್ಟು.

ಕೈ ಬಟ್ಟೆಯವರೆಗೂ ಹೋಯಿತು. ಸುಳ್ಳೇಕೆ, ಹೋಯಿತು.

ಆಮೇಲೆ ಅವನು ಶಿಲುಬೆಯನ್ನು ಸೆರಾಫೀನಳ ಕೈಗೆ ಹಿಂತಿರುಗಿಸಿ, ಜೇಬಿನ ಹಾಳೆಯನ್ನು ಬಿಳಿಬಟ್ಟೆಯ ಮೇಲೆ ಬಿಚ್ಚಿಟ್ಟ.

"ಟಿಕೋಸ್, ನಿಮ್ಮ ಟೋಪಿ ತಲೆ ಮೇಲೇ ಇದೆ," ಎಂದ. "ನನ್ನ ಕೆಲಸ ಹೋದ್ರೆ ಹೋಗ್ಲಿ. ಈ ಹೇಳಿಕೆ ಕೋರ್ಟಿಗೆ ಕೊಡ್ತೀನಿ. ಬಚ್ಚಿಟ್ಟೋನು ನಾನು ಅಂತಾನೂ ಹೇಳ್ತೀನಿ. ಆಮೇಲೆ ಇಸಿದೋರನನ್ನ ಉಳಿಸೋ ದಾರಿ ಹುಡುಕ್ತೀನಿ."

ಮುದುಕನ ಕೈ ತಲೆಗೆ ಹೋಗಿ ಅಲ್ಲೇ ಉಳಿಯಿತು.

ಕೆರ್ಬ್ರಾನ ಬೆನ್ನ ಹಿಂದೆ ಮರ ಕಿರುಗುಟ್ಟಿತು. ಮಂಚದ ಜಾರುಬಾಗಿಲು ಪಕ್ಕಕ್ಕೆ ಸರಿಯಿತು. ಒಳಗಿನ ಕತ್ತಲಿನಿಂದ ಗಡ್ಡಧಾರಿಯೊಬ್ಬ ಬರಿಗಾಲನ್ನು ಬೆಂಚಿನ ಮೇಲಿಟ್ಟ. ಇಷ್ಟು ಹೊತ್ತೂ ಅವನಿಗೂ ಇನ್ಸ್‌ಪೆಕ್ಟರನಿಗೂ ನಡುವೆ ಇದ್ದದ್ದು ಒಂದು ಹಲಗೆ ಅಷ್ಟೇ.

"ಓದು ಸೆರಾಫೀನ್," ಎಂದ ಅವನು. "ಗಟ್ಟಿಯಾಗಿ ಓದು."

ಅವಳು ಓದಿದಳು. "'ಎರಡು ದಿನ ಮೊದಲು ಕಪ್ತಾನರು ಮಾಲ್ಗೊರ್ನನ ಕೊರಳಿನಿಂದ ಚಾವಿಯನ್ನು ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ...'"

"ಸುಳ್ಳು."

ಕೆರ್ಬ್ರಾ ತಿರುಗಿದ. "ಏನು?"

"ಕಪ್ತಾನ ನನ್ನನ್ನ ಮುಟ್ಟೂ ಇಲ್ಲ. ಹಡಗು ಮುಳುಗೋ ಕೊನೇ ಗಳಿಗೇವರೆಗೂ ಚಾವಿ ನನ್ನ ಕೊರಳಲ್ಲೇ ಇತ್ತು. ಮುಂದುಗಡೆ ತೆಪ್ಪ ಸಿಕ್ಕಾಕೊಂಡಿತ್ತು, ಬಿಡಿಸೋಕೆ ನನ್ನನ್ನ ಕೂಗಿದ್ರು. ಚಾವೀನ ನಾನೇ ಬಿಚ್ಚಿ ಪಕ್ಕದಲ್ಲಿದ್ದೋನಿಗೆ ಕೊಟ್ಟೆ, ಕೊಡಬಾರ್ದಿತ್ತು, ಕೊಟ್ಟೆ. ಎಲ್ಲ ಪೀಪಾಯೀನೂ ಭದ್ರ ಮಾಡು ಅಂದೆ. ಆಗ್ಲಿ ಅಂದ. ಅವನೂ ಅಲ್ಲೇ ಪ್ರಯತ್ನ ಪಡ್ತಾ ಹಡಗಿನ ಜೊತೇನೇ ಹೋದ ಅಂದ್ಕೊಂಡೇ ಏಳು ವರ್ಷ ಹೆಸರು ಎತ್ತಿಲ್ಲ ನಾನು." ಇಸಿದೋರ್ ಗಡ್ಡ ಸವರಿಕೊಂಡ. "ಕೆಳಗೆ ಸಹಿ ಯಾರದು?"

"ಗಾಸ್ಪಾರ್ ಮಿಲಿನೆ," ಎಂದು ಓದಿದಳು ಸೆರಾಫೀನ್.

"ಅವನ ಕೈಗೇ ಕೊಟ್ಟಿದ್ದು."

ಏಳು ವರ್ಷ ಒಂದು ಸತ್ಯವನ್ನು ಬಚ್ಚಿಟ್ಟೆನೆಂದು ಕೆರ್ಬ್ರಾ ಕೊರಗಿದ್ದ. ಬಚ್ಚಿಟ್ಟದ್ದು ಸುಳ್ಳನ್ನು. ಬರೆದದ್ದೂ ಸುಳ್ಳನ್ನು. ಚಾವಿ ಎಲ್ಲಿದೆಯೆಂದು ಕಪ್ತಾನನಿಗೆ ಕೊನೆಗೆ ನಿಜವಾಗಿಯೂ ಗೊತ್ತಾಗಿತ್ತು, ಅದನ್ನು ಮಿಲಿನೆಯ ಹತ್ತಿರ ಕೇಳಲು ಹೋಗಿ ಸತ್ತಿದ್ದ.

ಹಾಳೆ ಜೊತೆಗೇ ಒಯ್ತೀಯಾ ಎಂದು ಮಿಲಿನೆ ಕೇಳಿದ್ದ. ಒಯ್ತೀನಿ ಎಂದು ಇವನು ಹೇಳಿದ್ದ.

ಕಿಟಕಿಯಾಚೆ ಟಿಕೋಸ್ ಕೆಮ್ಮಿದ.

"ಸಾಹೇಬ್ರೆ, ನಾನು ಯಾಕೆ ಓಡಿ ಬಂದೆ ಅಂದ್ರೆ, ಸಂಜೆ ದೋಣೀಲಿ ನಿಮ್ಮ ಕಡೆಯೋರು ಇನ್ನೊಬ್ರು ಇಳಿದ್ರಲ್ಲ, ಎಡಗಾಲು ಎಳೀತಾರೆ. ಈ ಮನೆ ಯಾವ್ದು ಅಂತ ಕೇಳಿದ್ರು. ಪೊಲೀಸೇ ಅಂದ್ಕೊಂಡು," ಮುದುಕ ಹಿಂದಿರುಗಿ ಕತ್ತಲಾಗುತ್ತಿದ್ದ ದಾರಿಯನ್ನು ನೋಡಿದ, "ತೋರಿಸ್ಬಿಟ್ಟೆ."